ಗೊಬೆಲ್ಸ್ ದಿನಚರಿಯ ಸಾಲುಗಳಿಗೆ ಬಾಡಿಗೆ: ಒಂದು ಪ್ರಕರಣ ಅಧ್ಯಯನ

6,507 ಯೂರೊ 87 ಸೆಂಟ್. ಇಷ್ಟು ಹಣ ಕೊಡಲಾರೆವು ಎಂದು ಜರ್ಮನಿಯ ಒಂದು ದೊಡ್ಡ ಪ್ರಕಾಶನ ಸಂಸ್ಥೆ ಎರಡು ಹಂತದ ಕೋರ್ಟುಗಳಲ್ಲಿ ಹೋರಾಡಿತು. ಎರಡರಲ್ಲೂ ಸೋತಿತು. 2015ರ ಜುಲೈ 9ರಂದು ಮ್ಯೂನಿಕ್‌ನ ಮೇಲ್ಮನವಿ ನ್ಯಾಯಾಲಯ ಹಣ ಕೊಡಲೇಬೇಕು ಎಂದಿತು.

ಹಣ ಹೋಗಬೇಕಾಗಿದ್ದು ಯೋಸೆಫ್ ಗೊಬೆಲ್ಸ್‌ನ ವಾರಸುದಾರರ ಕಡೆಗೆ. ನಾಜಿ ಜರ್ಮನಿಯ ಪ್ರಚಾರ ಮಂತ್ರಿಯಾಗಿದ್ದ ಅದೇ ಗೊಬೆಲ್ಸ್. ಒಬ್ಬ ಇತಿಹಾಸಕಾರರು ಅವನ ಬದುಕಿನ ಬಗ್ಗೆ ಪುಸ್ತಕ ಬರೆದರು. ಅದರಲ್ಲಿ ಅವನ ದಿನಚರಿಯಿಂದ ಸಾಲುಗಳನ್ನು ತೆಗೆದು ಹಾಕಿದರು. ಆ ಸಾಲುಗಳಿಗೆ ಹಕ್ಕುಸ್ವಾಮ್ಯ ಇತ್ತು. ಹಾಗಾಗಿ ಬಿಲ್ ಬಂತು.

ಸುದ್ದಿಯನ್ನು ಮೊದಲ ಸಲ ಓದಿದವರಿಗೆ ಸಿಟ್ಟು ಬರುವುದು ಸಹಜ. ನನಗೂ ಬಂತು. ಆದರೆ ಕಾನೂನು, ದಾಖಲೆಗಳ ಚರಿತ್ರೆ ಎರಡನ್ನೂ ಬಿಡಿಸಿ ನೋಡುತ್ತಾ ಹೋದ ಹಾಗೆ ನನ್ನ ಸಿಟ್ಟಿನ ಗುರಿ ಬದಲಾಯಿತು. ಇಲ್ಲಿ ಹಣಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಅದು ಕೋರ್ಟಿನ ಮುಂದೆ ನೇರವಾಗಿ ಬರಲೇ ಇಲ್ಲ.

ದಿನಚರಿ ಎಂಥದ್ದು

ಗೊಬೆಲ್ಸ್ 1923ರಿಂದ 1945ರ ಏಪ್ರಿಲ್‌ವರೆಗೆ ದಿನಚರಿ ಇಟ್ಟ. ಶುರುವಿನಲ್ಲಿ ಕೈಯಲ್ಲೇ ಬರೆಯುತ್ತಿದ್ದ. 1941ರ ಜುಲೈನಿಂದ ಶೀಘ್ರಲಿಪಿಕಾರನಿಗೆ ಹೇಳಿ ಬರೆಸತೊಡಗಿದ. ಯುದ್ಧ ಕೈತಪ್ಪುತ್ತಿದೆ ಎಂದು ಗೊತ್ತಾದ ಮೇಲೆ ಇಡೀ ದಿನಚರಿಯನ್ನು ಗಾಜಿನ ಫಲಕಗಳ ಮೇಲೆ ಪುಟ್ಟ ಪುಟ್ಟ ಚಿತ್ರಗಳಾಗಿ ನಕಲು ಮಾಡಿಸಿದ. ಒಂದು ಪ್ರತಿ ಸುಟ್ಟರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕ ಅದು. 1945ರ ಮೇ 1ರಂದು ಅವನು ಸತ್ತ. ಫಲಕಗಳು ಸೋವಿಯತ್ ಸೇನೆಯ ಕೈಗೆ ಸಿಕ್ಕಿ ಮಾಸ್ಕೊ ಸೇರಿದವು. ಅಲ್ಲಿನ ಪತ್ರಾಗಾರದಲ್ಲಿ ದಶಕಗಟ್ಟಲೆ ಸುಮ್ಮನೆ ಬಿದ್ದಿದ್ದವು. 1992ರಲ್ಲಿ ಎಲ್ಕೆ ಫ್ರೋಲಿಖ್ ಎಂಬ ಜರ್ಮನ್ ಇತಿಹಾಸಕಾರ್ತಿ ಅವನ್ನು ಪತ್ತೆ ಮಾಡಿದರು. ಆಮೇಲೆ ಮ್ಯೂನಿಕ್‌ನ ಸಮಕಾಲೀನ ಇತಿಹಾಸ ಸಂಸ್ಥೆ ದಿನಚರಿಯನ್ನು ಸಂಪಾದಿಸಿ ಪ್ರಕಟಿಸಿತು. ಮೂಲ ಪಠ್ಯವೇ 29 ಸಂಪುಟ.

ಇದು ಸುಳ್ಳನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯನ ಬರಹ. ತನ್ನನ್ನು ತಾನೇ ಹೊಗಳಿಕೊಳ್ಳುವ ಪುಟಗಳು ಲೆಕ್ಕವಿಲ್ಲದಷ್ಟು. ಆದರೂ ಇದನ್ನು ಬಿಟ್ಟು ಆ ಕಾಲದ ಚರಿತ್ರೆ ಬರೆಯಲು ಆಗುವುದಿಲ್ಲ. 1938ರ ನವೆಂಬರ್‌ನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದ ರಾತ್ರಿ ನೆನಪಿದೆಯಲ್ವಾ? ಆ ರಾತ್ರಿ ಗಲಭೆ ನಡೆಯಲಿ, ಪೊಲೀಸರು ಹಿಂದೆ ಸರಿಯಲಿ ಎಂದು ಹಿಟ್ಲರ್ ಹೇಳಿದ್ದನ್ನು ಗೊಬೆಲ್ಸ್ ಬರೆದಿಟ್ಟಿದ್ದಾನೆ. 1941ರ ಡಿಸೆಂಬರ್ 12ರಂದು ಹಿಟ್ಲರ್ ತನ್ನ ಪಕ್ಷದ ಮುಖಂಡರ ಮುಂದೆ ಯಹೂದಿಗಳ ನಾಶದ ಬಗ್ಗೆ ಮಾತಾಡಿದ. ಮರುದಿನದ ಪುಟದಲ್ಲಿ ಅದೂ ದಾಖಲಾಗಿದೆ. 1942ರ ಮಾರ್ಚ್ 27ರ ಪುಟ ಎಲ್ಲಕ್ಕಿಂತ ಭಯಾನಕ. ಪೋಲೆಂಡಿನ ಲುಬ್ಲಿನ್‌ನಿಂದ ಶುರುಮಾಡಿ ಯಹೂದಿಗಳನ್ನು ಪೂರ್ವಕ್ಕೆ ಸಾಗಿಸುತ್ತಿದ್ದಾರೆ, ಅವರಲ್ಲಿ ಸುಮಾರು ಶೇ. 60ರಷ್ಟು ಜನರನ್ನು ಮುಗಿಸಬೇಕಾಗುತ್ತದೆ, ಶೇ. 40ರಷ್ಟು ಜನರನ್ನು ಮಾತ್ರ ದುಡಿಮೆಗೆ ಹಚ್ಚಬಹುದು ಎಂದು ಅಲ್ಲಿದೆ.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ಹೇಳಬೇಕು. ಹಕ್ಕುಸ್ವಾಮ್ಯ ಸಂಗತಿಗಳಿಗೆ ಇರುವುದಿಲ್ಲ. ಬರೆದ ಮಾತಿಗೆ ಇರುತ್ತದೆ. ಲುಬ್ಲಿನ್‌ನಲ್ಲಿ ಏನಾಯಿತು ಎಂಬುದು ಯಾರ ಸ್ವತ್ತೂ ಅಲ್ಲ. ಅದನ್ನು ಯಾರು ಬೇಕಾದರೂ ತಮ್ಮ ಮಾತಿನಲ್ಲಿ ಬರೆಯಬಹುದು. ಹಾಗಿದ್ದರೆ ತೊಂದರೆ ಏನು, ಸ್ವಂತ ಮಾತಿನಲ್ಲಿ ಬರೆದರೆ ಸಾಕಲ್ವಾ ಎಂದು ಕೇಳಬಹುದು. ಬೇರೆ ಎಷ್ಟೋ ವಿಷಯಗಳಲ್ಲಿ ಅದು ಸಾಕು. ಇಲ್ಲಿ ಸಾಲದು. ನಾಜಿಗಳು ಕೊಲೆಗೆ ಕೊಲೆ ಎನ್ನುತ್ತಿರಲಿಲ್ಲ. ಸ್ಥಳಾಂತರ ಎನ್ನುತ್ತಿದ್ದರು, ವಿಶೇಷ ಉಪಚಾರ ಎನ್ನುತ್ತಿದ್ದರು. ಯಾವ ದಿನ ಯಾವ ಪದ ಬಳಸಿದ, ಯಾವ ದಿನ ಮುಸುಕು ತೆಗೆದ ಎಂಬುದೇ ಸಾಕ್ಷ್ಯ. ನಾನು ಅದನ್ನು ನನ್ನ ಮಾತಿಗೆ ತಿರುಗಿಸಿದ ಕೂಡಲೇ ಓದುಗರ ಕೈಯಲ್ಲಿ ಉಳಿಯುವುದು ನನ್ನ ತೀರ್ಪು ಮಾತ್ರ, ಅವನ ಬಾಯಿಮಾತಲ್ಲ. ಈ ಹತ್ಯಾಕಾಂಡ ನಡೆದೇ ಇಲ್ಲ ಎನ್ನುವವರು ಇನ್ನೂ ಇದ್ದಾರೆ. ಅವರ ಎದುರು ಸಾರಾಂಶ ಹಿಡಿದು ನಿಲ್ಲಲು ಆಗುವುದಿಲ್ಲ. ಮೂಲ ಸಾಲೇ ಬೇಕು.

ಹಕ್ಕು ಕೈಯಿಂದ ಕೈಗೆ

ಜರ್ಮನ್ ಕಾನೂನಿನಲ್ಲಿ ಲೇಖಕನ ಹಕ್ಕು ಅವನು ಸತ್ತು 70 ವರ್ಷ ಉಳಿಯುತ್ತದೆ. ಲೆಕ್ಕ ಸತ್ತ ದಿನದಿಂದಲ್ಲ, ಆ ವರ್ಷದ ಕೊನೆಯಿಂದ. ಗೊಬೆಲ್ಸ್ ಸತ್ತಿದ್ದು 1945ರಲ್ಲಿ. ಹಾಗಾಗಿ 2015ರ ಡಿಸೆಂಬರ್ 31ರವರೆಗೆ ದಿನಚರಿಗೆ ರಕ್ಷಣೆ ಇತ್ತು. ಬರೆದವನು ಯಾರು, ಏನು ಮಾಡಿದ್ದ ಎಂದು ಕಾನೂನು ಕೇಳುವುದಿಲ್ಲ. ಕವಿಗೂ ಅಷ್ಟೇ, ಯುದ್ಧಾಪರಾಧಿಗೂ ಅಷ್ಟೇ. ಸರ್ಕಾರದ ಆದೇಶ, ಕೋರ್ಟಿನ ತೀರ್ಪು ಇಂಥವಕ್ಕೆ ಹಕ್ಕುಸ್ವಾಮ್ಯ ಇಲ್ಲ. ಆದರೆ ಮಂತ್ರಿ ಬರೆದ ದಿನಚರಿ ಅವನ ಖಾಸಗಿ ಬರಹ.

ಸಾಯುವ ಮುಂಚೆ ಗೊಬೆಲ್ಸ್ ಮತ್ತು ಅವನ ಹೆಂಡತಿ ತಮ್ಮ ಆರೂ ಮಕ್ಕಳನ್ನು ಕೊಂದಿದ್ದರು. ಹಾಗಾಗಿ ವಾರಸುದಾರಿಕೆ ಬಂಧುಗಳ ಕಡೆ ತಿರುಗಿತು. ಯುದ್ಧ ಮುಗಿದ ಮೂರೇ ವರ್ಷಕ್ಕೆ, 1948ರಲ್ಲಿ, ದಿನಚರಿಯ ಒಂದು ಭಾಗ ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆಗ ಅಮೆರಿಕ ಸರ್ಕಾರ ಅದನ್ನು ಶತ್ರುವಿನ ಆಸ್ತಿ ಎಂದು ತನ್ನ ವಶಕ್ಕೆ ತೆಗೆದುಕೊಂಡಿತ್ತು. ಜರ್ಮನಿಯಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1950ರ ದಶಕದಲ್ಲಿ ಫ್ರಾಂಸ್ವಾ ಜೆನೂ ಎಂಬ ಸ್ವಿಸ್ ಬ್ಯಾಂಕರ್ ಗೊಬೆಲ್ಸ್‌ನ ಬಂಧುಗಳಿಂದ ಪ್ರಕಟಣೆಯ ಹಕ್ಕು ಪಡೆದ. ಇವನು ಸಾಯುವವರೆಗೂ ಹಿಟ್ಲರನ ಭಕ್ತ. ನಾಜಿ ನಾಯಕರ ಬರಹಗಳ ಹಕ್ಕುಗಳನ್ನು ಒಂದೊಂದಾಗಿ ಕೂಡಿಸಿಟ್ಟುಕೊಂಡಿದ್ದ. ದಿನಚರಿಯನ್ನು ಅಚ್ಚು ಹಾಕಬೇಕು ಎನ್ನುವವರು ವರ್ಷಗಟ್ಟಲೆ ಇವನ ಜೊತೆಯೇ ಮಾತುಕತೆ ಮಾಡಬೇಕಾಯಿತು. ನಾಜಿ ಕಾಲವನ್ನು ಅಧ್ಯಯನ ಮಾಡಲೆಂದೇ ಇರುವ ವಿದ್ವಾಂಸರು ನಾಜಿ ಭಕ್ತನೊಬ್ಬನ ಒಪ್ಪಿಗೆಗೆ ಕಾಯುವುದು ಎಷ್ಟು ನೋವಿನ ವಿಷಯ, ಯೋಚಿಸಿ.

1996ರಲ್ಲಿ ಜೆನೂ ಸತ್ತ. ಆಮೇಲೆ ಹಕ್ಕಿನ ವ್ಯವಹಾರ ಜರ್ಮನಿಯ ಒಬ್ಬ ವಕೀಲೆಯ ಕೈಗೆ ಬಂತು. ಅವರ ತಂದೆ ಹ್ಯಾಲ್ಮಾರ್ ಶಾಖ್ಟ್, ಹಿಟ್ಲರನ ಸರ್ಕಾರದಲ್ಲಿ ಕೇಂದ್ರ ಬ್ಯಾಂಕಿನ ಅಧ್ಯಕ್ಷರೂ ಆರ್ಥಿಕ ವ್ಯವಹಾರಗಳ ಮಂತ್ರಿಯೂ ಆಗಿದ್ದವರು. 1946ರಲ್ಲಿ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅವರ ಬಿಡುಗಡೆ ಆಯಿತು. ಪತ್ರಿಕೆಗಳು ಈ ಸಂಬಂಧವನ್ನು ದೊಡ್ಡದು ಮಾಡಿ ಬರೆದವು. ಅಪ್ಪನ ಲೆಕ್ಕವನ್ನು ಮಗಳ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಈ ಪ್ರಕರಣದಲ್ಲಿ ಅವರು ಹಕ್ಕುದಾರರ ಪರವಾಗಿ ನಿಂತವರು, ಅಷ್ಟೇ.

ಜಗಳ ಹೇಗೆ ಶುರುವಾಯಿತು

ಪೀಟರ್ ಲಾಂಗೆರಿಖ್ ಜರ್ಮನ್ ಇತಿಹಾಸಕಾರರು. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಬಗ್ಗೆ ಬರೆದ ದೊಡ್ಡ ಪುಸ್ತಕದ ನಂತರ ಅವರು ಗೊಬೆಲ್ಸ್ ಕಡೆ ಹೊರಳಿದರು. 2010ರಲ್ಲಿ ಅವನ ಜೀವನಚರಿತ್ರೆ ಜರ್ಮನಿಯಲ್ಲಿ ಬಂತು. ಸುಮಾರು 900 ಪುಟ. ಪ್ರಕಟಿಸಿದ್ದು ರ‍್ಯಾಂಡಮ್ ಹೌಸ್ ಜರ್ಮನಿಯ ಅಡಿಯಲ್ಲಿದ್ದ ಸೀಡ್ಲರ್ ಪ್ರಕಾಶನ. ದಿನಚರಿಯ ಸಾಲುಗಳು ಪುಸ್ತಕದ ಉದ್ದಕ್ಕೂ ಬರುತ್ತವೆ. ಅವನ ಮಾತನ್ನು ಎದುರಿಗಿಟ್ಟು, ಅದರ ಹಿಂದಿನ ಹೊಗಳಿಕೆಯ ಹಸಿವನ್ನೂ ಸುಳ್ಳನ್ನೂ ತೋರಿಸುವುದೇ ಈ ಪುಸ್ತಕದ ರೀತಿ.

ಹಕ್ಕುದಾರರ ಕಡೆಯಿಂದ ಬೇಡಿಕೆ ಬಂತು: ಪುಸ್ತಕದ ನಿವ್ವಳ ಮಾರಾಟ ಬೆಲೆಯ ಶೇ. 1. ಪ್ರಕಾಶಕರು ಮೊದಲು ಒಪ್ಪಿದರು, ಒಪ್ಪಂದವೂ ಆಯಿತು. ಆಮೇಲೆ ಮನಸ್ಸು ಬದಲಾಯಿಸಿದರು. ಯುದ್ಧಾಪರಾಧಿಯ ಬರಹಕ್ಕೆ ಅವನ ಮನೆಯವರಿಗೆ ಹಣ ಹೋಗುವುದು ತಪ್ಪು ಎಂದರು. ಹಣ ಉಳಿಸಿಕೊಳ್ಳುವ ಆಸೆ ನಮಗಿಲ್ಲ, ಹತ್ಯಾಕಾಂಡದಲ್ಲಿ ನೊಂದವರಿಗಾಗಿ ಕೆಲಸ ಮಾಡುವ ಸಂಸ್ಥೆಗೆ ಹೋಗುವುದಾದರೆ ಈಗಲೇ ಕೊಡುತ್ತೇವೆ ಎಂದೂ ಹೇಳಿದರು. ಎದುರು ಕಡೆ ಒಪ್ಪಲಿಲ್ಲ. ಹಣ ಕುಟುಂಬಕ್ಕೇ ಸೇರಬೇಕು ಎಂಬುದು ಅವರ ನಿಲುವು. ಕೇಸು ಬಿತ್ತು. 2014ರಲ್ಲಿ ಕೆಳಗಿನ ಕೋರ್ಟು ಹಕ್ಕುದಾರರ ಪರ ನಿಂತಿತು. ಪ್ರಕಾಶಕರು ಮೇಲ್ಮನವಿ ಹಾಕಿದರು.

ಎರಡು ವಾದ

ಪ್ರಕಾಶಕರ ಮೊದಲ ವಾದ ನೀತಿಯದ್ದು. ಜರ್ಮನ್ ನಾಗರಿಕ ಸಂಹಿತೆಯ 138ನೇ ಕಲಂ ಪ್ರಕಾರ ಸಮಾಜದ ಸದಾಚಾರಕ್ಕೆ ವಿರುದ್ಧವಾದ ಒಪ್ಪಂದ ಊರ್ಜಿತವಲ್ಲ. ಈ ಒಪ್ಪಂದ ಅಂಥದ್ದು, ಹಾಗಾಗಿ ಸಹಿ ಮಾಡಿದ್ದರೂ ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ ಎಂದರು.

ಎರಡನೆಯದು ಒಡೆತನದ್ದು. ಇದಕ್ಕೆ ಆಧಾರ ಸಿಕ್ಕಿದ್ದು ದಿನಚರಿಯಲ್ಲೇ! 1936ರ ಅಕ್ಟೋಬರ್ 22ರ ಪುಟದಲ್ಲಿ ಗೊಬೆಲ್ಸ್ ಖುಷಿಯಿಂದ ಬರೆದುಕೊಂಡಿದ್ದಾನೆ. ನಾಜಿ ಪಕ್ಷದ ಏಹರ್ ಪ್ರಕಾಶನ ನಡೆಸುತ್ತಿದ್ದ ಮ್ಯಾಕ್ಸ್ ಆಮನ್‌ಗೆ ದಿನಚರಿ ಮಾರಿದೆ, ಸತ್ತು 20 ವರ್ಷ ಆದ ಮೇಲೆ ಅಚ್ಚಾಗಬೇಕು, ಈಗಲೇ 2,50,000 ಮಾರ್ಕ್, ಆಮೇಲೆ ವರ್ಷಕ್ಕೆ 1,00,000 ಮಾರ್ಕ್ ಎಂದು. ಯುದ್ಧದ ನಂತರ ಏಹರ್ ಪ್ರಕಾಶನದ ಆಸ್ತಿ ಬವೇರಿಯಾ ರಾಜ್ಯಕ್ಕೆ ಸೇರಿತು. ಅಂದ ಮೇಲೆ ಹಕ್ಕು ಬವೇರಿಯಾದ್ದು, ಕುಟುಂಬಕ್ಕೆ ಅದರಲ್ಲಿ ಪಾಲೇ ಇಲ್ಲ ಎಂಬುದು ವಾದ.

ಕೋರ್ಟು ಎರಡನ್ನೂ ಒಪ್ಪಲಿಲ್ಲ. ಹಣ ಕೊಡಿ ಎಂದಿತು.

ಕಾನೂನಿನ ಲೆಕ್ಕದಲ್ಲಿ ಈ ತೀರ್ಪನ್ನು ತಪ್ಪು ಎನ್ನಲು ನನಗೆ ಆಗುವುದಿಲ್ಲ. ಲೇಖಕ ಕೆಟ್ಟವನು, ಹಾಗಾಗಿ ಅವನ ಹಕ್ಕು ಸಲ್ಲದು ಎಂದು ನ್ಯಾಯಾಧೀಶರೇ ಹೇಳಲು ಶುರು ಮಾಡಿದರೆ ಎಲ್ಲಿಗೆ ನಿಲ್ಲುತ್ತದೆ? ಯಾರು ಬರೆದರು ಎಂಬುದರ ಮೇಲೆ ಹಕ್ಕು ಕಿತ್ತುಕೊಳ್ಳುವ ಕೆಲಸವನ್ನು ನಾಜಿ ಸರ್ಕಾರವೇ ಮಾಡಿತ್ತು, ಯಹೂದಿ ಲೇಖಕರ ಮೇಲೆ. ಇಂಥ ವಿನಾಯಿತಿ ಬೇಕು ಎಂದರೆ ಶಾಸನಸಭೆ ಅದನ್ನು ಸ್ಪಷ್ಟವಾದ ಮಾತಿನಲ್ಲಿ ಬರೆಯಬೇಕು. ಒಂದು ಪುಸ್ತಕದ ಬಿಲ್ಲಿನ ನೆಪದಲ್ಲಿ ಕೋರ್ಟು ಅದನ್ನು ಹುಟ್ಟುಹಾಕಬಾರದು.

ಬವೇರಿಯಾದ ವಾದ ಗೆದ್ದಿದ್ದರೆ ಇತಿಹಾಸಕಾರರಿಗೆ ಏನು ಸಿಗುತ್ತಿತ್ತು? ಕೀಲಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿತ್ತು, ಅಷ್ಟೇ. ಹಿಟ್ಲರನ ಆತ್ಮಕಥೆಯ ಹಕ್ಕು ಇದೇ ಬವೇರಿಯಾದ ಕೈಯಲ್ಲಿತ್ತು. ಅದು ಅಚ್ಚಾಗದಂತೆ ತಡೆಯಲು ರಾಜ್ಯ 70 ವರ್ಷ ಹಕ್ಕುಸ್ವಾಮ್ಯವನ್ನೇ ಬಳಸಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹಕ್ಕು ಮುಗಿದ ಕೂಡಲೇ, 2016ರ ಜನವರಿಯಲ್ಲಿ, ಅದೇ ಸಮಕಾಲೀನ ಇತಿಹಾಸ ಸಂಸ್ಥೆ ಸಾವಿರಾರು ಟಿಪ್ಪಣಿಗಳ ಜೊತೆ ಅದನ್ನು ಎರಡು ಸಂಪುಟಗಳಲ್ಲಿ ತಂದಿತು. ಪ್ರತಿ ಸುಳ್ಳಿನ ಪಕ್ಕದಲ್ಲೇ ಉತ್ತರ ಇಟ್ಟಿರುವ ಪುಸ್ತಕ ಅದು. ಮೊದಲ ಮುದ್ರಣ 4,000 ಪ್ರತಿ. ಬೇಡಿಕೆ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಇಂಥ ಒಂದು ಪುಸ್ತಕಕ್ಕೆ ಓದುಗರು ಅಷ್ಟು ವರ್ಷ ಕಾಯಬೇಕಿತ್ತೇ?

ಕೇಳದೆ ಉಳಿದ ಪ್ರಶ್ನೆ

ಜರ್ಮನ್ ಹಕ್ಕುಸ್ವಾಮ್ಯ ಕಾನೂನಿನ 51ನೇ ಕಲಂ ಉಲ್ಲೇಖದ ಹಕ್ಕಿನದ್ದು. ವಿಮರ್ಶೆಗೆ, ವಿದ್ವತ್ತಿನ ಕೆಲಸಕ್ಕೆ ಬೇರೆಯವರ ಬರಹದಿಂದ ಸಾಲುಗಳನ್ನು ಎತ್ತಿಕೊಳ್ಳಬಹುದು. ಅನುಮತಿ ಬೇಡ, ಹಣವೂ ಬೇಡ. ಮುಖ್ಯ ಮಿತಿ ಇದು: ನಿಮ್ಮ ವಾದಕ್ಕೆ ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳಬೇಕು. ಒಂದು ಪ್ಯಾರಾ ಎತ್ತಿ ಅದನ್ನು ಬಿಡಿಸಿ ನೋಡುವುದು ಸರಿ. ಪುಟಗಟ್ಟಲೆ ಎತ್ತಿಟ್ಟು ನಡುವೆ ಎರಡು ಸಾಲು ಸೇರಿಸುವುದು ಸರಿಯಲ್ಲ.

900 ಪುಟದ ಜೀವನಚರಿತ್ರೆಗೆ ‘ಎಷ್ಟು ಬೇಕೋ ಅಷ್ಟು’ ಅಂದರೆ ಎಷ್ಟು? ಚರಿತ್ರೆ ಯಾರದ್ದೋ ಅವನ ದಿನಚರಿಯೇ ಮುಖ್ಯ ಆಕರ ಆದಾಗ? ಆ ದಿನಚರಿಯ ಒಂದೊಂದು ಪದವೂ ಅಪರಾಧದ ಸಾಕ್ಷ್ಯ ಆದಾಗ? ನನಗೆ ಉತ್ತರ ಬೇಕಾಗಿದ್ದ ಪ್ರಶ್ನೆ ಇದು. ಒಂದು ಸಲ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಜಗಳ ಒಪ್ಪಂದದ ಮೇಲೆ ನಿಲ್ಲುತ್ತದೆ. ಕೊಡುತ್ತೇನೆ ಎಂದಿರಿ, ಯಾಕೆ ಕೊಡುತ್ತಿಲ್ಲ ಎಂಬುದೇ ಮುಂದಾಗುತ್ತದೆ. ಪ್ರಕಾಶಕರ ಮನಸ್ಸು ಒಳ್ಳೆಯದಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಹೆಜ್ಜೆ ಇಟ್ಟ ಕ್ರಮ ಹಿಂದುಮುಂದಾಯಿತು. ಸಹಿಗೆ ಮುಂಚೆಯೇ ನಿರಾಕರಿಸಿ, ಇದು ವಿದ್ವತ್ತಿನ ಉಲ್ಲೇಖ, ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ನೇರವಾಗಿ ನಿಂತಿದ್ದರೆ ಕೋರ್ಟು ಆ ಪ್ರಶ್ನೆಯನ್ನೇ ಎತ್ತಿಕೊಳ್ಳಬೇಕಾಗುತ್ತಿತ್ತು. ಸೋಲಬಹುದಿತ್ತು. ಆದರೆ ಮುಂದೆ ಬರುವವರಿಗೆ ಗೆರೆ ಎಲ್ಲಿದೆ ಎಂದಾದರೂ ತಿಳಿಯುತ್ತಿತ್ತು.

ಲಾಂಗೆರಿಖ್ ಅವರ ಕಳವಳವೂ ಹಣದ್ದಾಗಿರಲಿಲ್ಲ. ಒಬ್ಬ ಖಾಸಗಿ ವ್ಯಕ್ತಿಯ ಕೈಯಲ್ಲಿ ಈ ಹಕ್ಕು ಇದೆ ಎಂದು ಒಪ್ಪಿಕೊಂಡರೆ ಸಂಶೋಧನೆಯ ಮೇಲಿನ ಹಿಡಿತವನ್ನೂ ಅವರಿಗೇ ಕೊಟ್ಟ ಹಾಗೆ ಎಂದು ಅವರು ಎಚ್ಚರಿಸಿದ್ದರು. ನನಗೆ ಇದೇ ಸರಿ ಅನಿಸುತ್ತದೆ. ಹಣ ಕೇಳುವ ಹಕ್ಕಿನ ಒಳಗೇ ಬೇಡ ಎನ್ನುವ ಹಕ್ಕೂ ಅಡಗಿದೆ. ಇವತ್ತು ಶೇ. 1 ಕೇಳಿದರು. ನಾಳೆ ಇನ್ನೊಬ್ಬರು, ಪುಸ್ತಕದ ಆ ಅಧ್ಯಾಯ ನಮಗೆ ಹಿಡಿಸಲಿಲ್ಲ, ಉಲ್ಲೇಖಕ್ಕೆ ಒಪ್ಪಿಗೆ ಇಲ್ಲ ಎನ್ನಬಹುದು. ದೊಡ್ಡ ಪ್ರಕಾಶಕರು ಕೋರ್ಟಿಗೆ ಹೋಗಬಲ್ಲರು. ಮೊದಲ ಪುಸ್ತಕ ಬರೆಯುತ್ತಿರುವ ಸಂಶೋಧಕಿ ಏನು ಮಾಡಬೇಕು? ಆಕೆ ಆ ಸಾಲನ್ನು ಬಿಟ್ಟುಬಿಡುತ್ತಾಳೆ. ಬಿಟ್ಟಿದ್ದು ಯಾರ ಗಮನಕ್ಕೂ ಬರುವುದಿಲ್ಲ.

ಬೇರೆ ದಾರಿಯೂ ಇದೆ ಎಂದು ತೋರಿಸಿದ ಒಂದು ಘಟನೆ ನೆನಪಾಗುತ್ತದೆ. ಯಹೂದಿಗಳ ಸಾಗಣೆಯನ್ನು ನಡೆಸಿದ ಅಡಾಲ್ಫ್ ಐಕ್‌ಮನ್ ಇಸ್ರೇಲಿನ ಜೈಲಿನಲ್ಲಿ ಕೂತು ನೂರಾರು ಪುಟ ಬರೆದಿದ್ದ. 1962ರಲ್ಲಿ ಅವನಿಗೆ ಗಲ್ಲಾಯಿತು. ಬರಹ ಪತ್ರಾಗಾರದಲ್ಲೇ ಉಳಿಯಿತು. 2000ದಲ್ಲಿ ಲಂಡನ್ನಿನಲ್ಲಿ ಹತ್ಯಾಕಾಂಡ ನಿರಾಕರಿಸುವ ಡೇವಿಡ್ ಅರ್ವಿಂಗ್ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ಮೇಲೆ ಹಾಕಿದ ಮಾನನಷ್ಟ ಮೊಕದ್ದಮೆ ನಡೆಯುತ್ತಿತ್ತು. ಲಿಪ್‌ಸ್ಟಾಟ್ ಅವರ ಪರ ವಕೀಲರಿಗೆ ನೆರವಾಗಲಿ ಎಂದು ಇಸ್ರೇಲ್ ಆ ಬರಹವನ್ನು ಬಿಡುಗಡೆ ಮಾಡಿತು. ಲಿಪ್‌ಸ್ಟಾಟ್ ಗೆದ್ದರು.

2016ರ ಜನವರಿ 1

ತೀರ್ಪು ಬಂದು ಆರು ತಿಂಗಳು ಆಗುವುದರೊಳಗೆ ಗೊಬೆಲ್ಸ್ ದಿನಚರಿಯ 70 ವರ್ಷ ಮುಗಿಯಿತು. ಕಾಯಲು ಸಿದ್ಧರಿದ್ದವರಿಗೆ ಆ ಜಗಳವೇ ಇರುತ್ತಿರಲಿಲ್ಲ.

ಅದೇ ದಿನಕ್ಕೆ ಇನ್ನೊಂದು ದಿನಚರಿಯ ಲೆಕ್ಕವೂ ಸೇರಿತ್ತು. ನಾಜಿಗಳಿಂದ ಅಡಗಿ ಕೂತು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಕೂಡ ಸತ್ತಿದ್ದು 1945ರಲ್ಲಿ, ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ, 15ನೇ ವಯಸ್ಸಿಗೆ. ಆಕೆಯ ದಿನಚರಿಯೂ 2016ಕ್ಕೆ ಎಲ್ಲರದ್ದಾಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದರು. ಫ್ರಾನ್ಸಿನಲ್ಲಿ ಸಂಸದೆ ಇಸಬೆಲ್ ಅತಾರ್ ಮತ್ತು ಪ್ರಾಧ್ಯಾಪಕ ಒಲಿವಿಯೆ ಎರ್ಟ್ಸ್‌ಶೈಡ್ ಡಚ್ ಮೂಲವನ್ನು ಅದೇ ದಿನ ಇಂಟರ್‌ನೆಟ್ಟಿಗೆ ಹಾಕಿದರು. ಹಕ್ಕು ಹೊಂದಿರುವ ಬಾಸೆಲ್‌ನ ಆನ್ ಫ್ರಾಂಕ್ ಫೋಂಡ್ಸ್ ಎಂಬ ಪ್ರತಿಷ್ಠಾನ ಒಪ್ಪಲಿಲ್ಲ. ಆಕೆಯ ಬರಹ ಅಚ್ಚಾಗಿದ್ದು ಸಾವಿನ ನಂತರ, ಬೇರೆ ಬೇರೆ ರೂಪಗಳಲ್ಲಿ, ಬೇರೆ ಬೇರೆ ಕಾಲದಲ್ಲಿ. ಹೀಗೆ ಆಮೇಲೆ ಅಚ್ಚಾದ ಬರಹಕ್ಕೆ ನೆದರ್ಲೆಂಡ್ಸ್‌ನ ಹಳೆಯ ಕಾನೂನಿನಲ್ಲಿ ಲೆಕ್ಕ ಬೇರೆ. ಆಕೆಯ ಹಸ್ತಪ್ರತಿಯ ಪಠ್ಯಕ್ಕೆ ಅಲ್ಲಿ 2037ರವರೆಗೆ ರಕ್ಷಣೆ ಇದೆ. ಅಂದರೆ ಅಡಗಿ ಕೂತು ಬರೆದ ಹುಡುಗಿಯ ಮಾತು ಆಕೆ ಅಡಗಿದ್ದ ದೇಶದಲ್ಲೇ ಇನ್ನೂ ಬೀಗದೊಳಗಿದೆ. ಆ ಫೋಂಡ್ಸ್ ಬಂದ ಹಣವನ್ನು ದಾನಧರ್ಮಕ್ಕೆ ಕೊಡುತ್ತದೆ, ಅದು ಒಳ್ಳೆಯ ಕೆಲಸ. ಆದರೂ ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟಾಗ ನನ್ನ ಮನಸ್ಸು ಭಾರವಾಗುತ್ತದೆ.

ಜರ್ಮನಿಯ ಕೋರ್ಟುಗಳು ಆಮೇಲೆ ಸ್ವಲ್ಪ ಮುಂದೆ ಬಂದಿವೆ. ಅಫ್ಘಾನಿಸ್ತಾನದಲ್ಲಿ ಜರ್ಮನ್ ಸೇನೆ ಏನು ಮಾಡುತ್ತಿದೆ ಎಂಬ ವಾರದ ವರದಿಗಳನ್ನು ಒಂದು ಪತ್ರಿಕಾ ಸಮೂಹ ಬಯಲು ಮಾಡಿತ್ತು. ಸರ್ಕಾರ ಅದನ್ನು ತಡೆಯಲು ಹಿಡಿದ ಆಯುಧವೂ ಹಕ್ಕುಸ್ವಾಮ್ಯವೇ. 2019ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಮೂಲ ಪ್ರಶ್ನೆಯನ್ನೇ ಎತ್ತಿತು: ಬರೀ ಮಾಹಿತಿ ಕೊಡುವ ಇಂಥ ಸೇನಾ ವರದಿ ‘ಕೃತಿ’ ಹೌದೇ? 2020ರ ಏಪ್ರಿಲ್‌ನಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಪತ್ರಿಕೆಯ ಪರ ತೀರ್ಪು ಕೊಟ್ಟಿತು. ಗೊಬೆಲ್ಸ್ ದಿನಚರಿ ಸೇನಾ ವರದಿಯಂಥದ್ದಲ್ಲ, ಅದನ್ನು ಕೃತಿ ಅಲ್ಲ ಎನ್ನುವುದು ಕಷ್ಟ. ಆದರೂ ಜನರಿಗೆ ತಿಳಿಯುವ ಹಕ್ಕನ್ನು ತೂಕಕ್ಕೆ ಹಾಕುವ ಅಭ್ಯಾಸ ಶುರುವಾಗಿದೆ. ಇದೇ ತೂಕ 2015ರಲ್ಲಿ ಮ್ಯೂನಿಕ್‌ನಲ್ಲಿ ಬೇಕಾಗಿತ್ತು.

ಇಂಥ ಜಗಳಗಳ ಕಾಲ ಮುಗಿದಿಲ್ಲ. ಯುದ್ಧಕಾಲದಲ್ಲಿ ಹಿಟ್ಲರನ ಶಸ್ತ್ರಾಸ್ತ್ರ ಮಂತ್ರಿಯಾಗಿದ್ದ ಆಲ್ಬರ್ಟ್ ಸ್ಪೀರ್ 20 ವರ್ಷ ಜೈಲಿನಲ್ಲಿ ಕಳೆದು ಹೊರಬಂದ. ತನಗೇನೂ ಗೊತ್ತಿರಲಿಲ್ಲ ಎಂದು ನಂಬಿಸುವ ಪುಸ್ತಕಗಳನ್ನು ಬರೆದ. ಆ ಮಾತನ್ನು ಸುಳ್ಳು ಎಂದು ತೋರಿಸಬೇಕಾದವರು ಅವನ ಪತ್ರ, ಕರಡು, ಟಿಪ್ಪಣಿಗಳನ್ನೇ ಎದುರಿಗಿಡಬೇಕು. ಅವನು ಸತ್ತಿದ್ದು 1981ರಲ್ಲಿ. ಹಕ್ಕುಸ್ವಾಮ್ಯದ ಲೆಕ್ಕ 2051ರ ಡಿಸೆಂಬರ್ 31ರವರೆಗೆ ಇದೆ.